ಕಾರಿನ ಜಾಗದಲ್ಲಿ ಕೋಣೆ: ಗ್ಯಾರೇಜ್ ಪರಿವರ್ತನೆಗೆ ಮುನ್ನ ನೋಡಬೇಕಾದ ನಕ್ಷೆ, ಅಳತೆ ಮತ್ತು ಅನುಮತಿ

ವರ್ತಕ ಕುಟುಂಬಗಳಲ್ಲಿ ಮನೆಯೆಂಬುದು ಕೇವಲ ವಾಸದ ಸ್ಥಳವಲ್ಲ. ಬ್ಯಾಂಕಿನ ಸಾಲಕ್ಕೆ ಅಡಮಾನವಾಗಿ, ಕಷ್ಟಕಾಲಕ್ಕೆ ಕಾಯ್ದಿಟ್ಟ ಬಂಡವಾಳವಾಗಿ ಅದು ವ್ಯಾಪಾರದ ಬೆನ್ನಿಗೆ ನಿಂತಿರುತ್ತದೆ. ಇಂತಹ ಮನೆಯಲ್ಲಿ ಒಂದು ಕೋಣೆ ಕಡಿಮೆಯಾಯಿತೆಂದಾಗ ಮೊದಲು ಕಣ್ಣಿಗೆ ಬೀಳುವುದು ಕಾರಿನ ಜಾಗ. ಮಂಡಿ ನೋವಿನಿಂದ ಮಹಡಿ ಹತ್ತಲಾರದ ತಾಯಿಗೊಂದು ಕೋಣೆ, ಊರಿಂದ ಬಂದ ಕೆಲಸಗಾರರಿಗೆ ಮಲಗುವ ಜಾಗ, ಲೆಕ್ಕಪತ್ರ ಬರೆಯಲು ಒಂದು ಮೇಜು, ತಿಂಗಳ ಬಾಡಿಗೆ ತರುವ ಒಂದು ಸಣ್ಣ ಮನೆ ಎಂದು ಅಗತ್ಯಗಳು ಹಲವು ಬಗೆಯವು. ಮೇಸ್ತ್ರಿಯನ್ನು ಕೇಳಿದರೆ ಎರಡು ಕಡೆ ಬ್ಲಾಕ್ ಗೋಡೆ, ಒಂದು ಬಾಗಿಲು, ಒಂದು ಕಿಟಕಿ, ವಾರದ ಕೆಲಸವೆನ್ನುತ್ತಾನೆ. ಖರ್ಚು ಅಲ್ಪವಾದುದರಿಂದಲೇ ಅನುಮತಿಯ ವಿಚಾರ ಯಾರಿಗೂ ಹೊಳೆಯುವುದಿಲ್ಲ. ಅದು ಹೊಳೆಯುವುದು ಸಾಲಕ್ಕೆ ಅರ್ಜಿ ಹಾಕಿದಾಗ, ಮನೆ ಮಾರಲು ಹೊರಟಾಗ, ಅಥವಾ ನೆರೆಯವರು ದೂರು ಕೊಟ್ಟಾಗ. ವಾರದಲ್ಲಿ ಕಟ್ಟಿದ ಗೋಡೆ ಇಡೀ ಕಟ್ಟಡದ ದಾಖಲೆಯನ್ನೇ ಪ್ರಶ್ನಾರ್ಹವಾಗಿಸಬಲ್ಲದು.

ಮಂಜೂರಾದ ನಕ್ಷೆಯ ಷರತ್ತು

"ನಮ್ಮ ಮನೆ, ನಮ್ಮ ಛಾವಣಿ, ಒಳಗೆ ಗೋಡೆ ಎಬ್ಬಿಸಿದರೆ ಯಾರಿಗೇನು?" ಎಂಬ ವಾದ ಎಲ್ಲೆಡೆ ಕೇಳಿಬರುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಈ ವಾದವನ್ನು ಒಪ್ಪುವುದಿಲ್ಲ. ಆ ಕಾಯ್ದೆಯಲ್ಲಿ 'ಅಭಿವೃದ್ಧಿ' ಎಂಬ ಪದದ ವ್ಯಾಖ್ಯೆ ಕಟ್ಟುವ ಕೆಲಸಕ್ಕೆ ಸೀಮಿತವಾಗಿಲ್ಲ. ಕಟ್ಟಡದ ಅಥವಾ ಭೂಮಿಯ ಬಳಕೆಯಲ್ಲಾಗುವ ಗಣನೀಯ ಬದಲಾವಣೆಯೂ ಅದರಲ್ಲಿ ಸೇರಿದೆ. ಹಾಗಾಗಿ ಒಂದು ಇಟ್ಟಿಗೆಯನ್ನೂ ಇಡದೆ ವಾಹನದ ಜಾಗವನ್ನು ಬಾಡಿಗೆ ಮನೆಯಾಗಿಸಿದರೂ ಅನುಮತಿಯ ಪ್ರಶ್ನೆ ಏಳುತ್ತದೆ.

ಬೆಂಗಳೂರಿನ ನಗರಪಾಲಿಕೆ ನೀಡುತ್ತ ಬಂದ ಮಂಜೂರಾತಿ ನಕ್ಷೆಗಳ ಷರತ್ತುಗಳ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು. ಎಷ್ಟು ಮಹಡಿಗೆ ಮಂಜೂರಾತಿ, ಯಾವ ಬಳಕೆಗೆ ಮಂಜೂರಾತಿ ಎಂಬುದನ್ನು ಹೇಳಿದ ಬೆನ್ನಿಗೇ, ವಾಹನ ನಿಲುಗಡೆಗೆ ಕಾಯ್ದಿರಿಸಿದ ಇಂತಿಷ್ಟು ವಿಸ್ತೀರ್ಣವನ್ನು ಬೇರೆ ಯಾವುದೇ ಉದ್ದೇಶಕ್ಕೆ ಪರಿವರ್ತಿಸತಕ್ಕದ್ದಲ್ಲ ಎಂಬ ಷರತ್ತು ಬರುತ್ತದೆ. ನಕ್ಷೆಗೆ ಶುಲ್ಕ ಕಟ್ಟಿ ಪಡೆಯುವ ಮಾಲೀಕರಲ್ಲಿ ಬಹುಪಾಲು ಮಂದಿ ಈ ಸಾಲನ್ನು ಓದಿಯೇ ಇರುವುದಿಲ್ಲ. ಆ ಷರತ್ತು ಇರುವವರೆಗೆ, ಒಳಗಿನ ಸಣ್ಣ ಮಾರ್ಪಾಡು ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ.

ಇಲ್ಲಿ ಎರಡು ಬಗೆಯ ಗ್ಯಾರೇಜುಗಳನ್ನು ಬೇರ್ಪಡಿಸಿ ನೋಡಬೇಕು. ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಹಳೆಯ ಮನೆಗಳಲ್ಲಿ ಮುಖ್ಯ ಕಟ್ಟಡದಿಂದ ಬೇರೆಯಾಗಿ, ಕಾಂಪೌಂಡಿನ ಮೂಲೆಯಲ್ಲಿ ನಿಂತಿರುವ ಕಾರ್ ಶೆಡ್ ಒಂದು ಬಗೆ. ನಂತರದ ದಶಕಗಳಲ್ಲಿ ಕಂಬಗಳ ಮೇಲೆ ಮನೆಯನ್ನೆತ್ತಿ ಕೆಳಗೆ ತೆರೆದ ಜಾಗ ಬಿಡುವ ಸ್ಟಿಲ್ಟ್ ಇನ್ನೊಂದು ಬಗೆ. ಮೊದಲನೆಯದು ಸಾಮಾನ್ಯವಾಗಿ ಸೆಟ್‌ಬ್ಯಾಕಿನಲ್ಲಿ, ಅಂದರೆ ಗಾಳಿ ಬೆಳಕಿಗಾಗಿ ಬಿಡಬೇಕಾದ ತೆರವಿನಲ್ಲಿ ನಿಂತಿರುತ್ತದೆ. ವಾಹನಕ್ಕೆಂಬ ಕಾರಣಕ್ಕೆ ಮಾತ್ರ ಅಲ್ಲಿ ಅದಕ್ಕೆ ವಿನಾಯಿತಿ. ಎರಡನೆಯದು ನೆಲ ವಿಸ್ತೀರ್ಣ ಅನುಪಾತದ, ಅಂದರೆ ಎಫ್.ಎ.ಆರ್. ಲೆಕ್ಕದಿಂದ ಹೊರಗುಳಿದಿರುತ್ತದೆ, ಅದೂ ವಾಹನಕ್ಕೆಂಬ ಕಾರಣಕ್ಕೆ ಮಾತ್ರ. ವಾಹನ ಹೊರಟುಹೋದರೆ ಎರಡೂ ಕಡೆ ವಿನಾಯಿತಿಯೂ ಹೊರಟುಹೋಗುತ್ತದೆ.

ಒಂದು 30×40ರ ಲೆಕ್ಕ

1,200 ಚದರ ಅಡಿಯ ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮಾವಳಿ, ವಸತಿ ವಲಯದಲ್ಲಿ 360 ಚದರ ಮೀಟರ್‌ವರೆಗಿನ ನಿವೇಶನಗಳಿಗೆ 1.75 ಎಫ್.ಎ.ಆರ್. ನಿಗದಿಪಡಿಸಿತು. ಅದರಂತೆ ಕಟ್ಟಬಹುದಾದುದು 2,100 ಚದರ ಅಡಿ. ಮಾಲೀಕರು ತಲಾ 700 ಚದರ ಅಡಿಯ ಮೂರು ಮಹಡಿ ಕಟ್ಟಿ, ಕೆಳಗೆ ಸ್ಟಿಲ್ಟ್ ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಪಾಲಿನ 2,100 ಅಡಿಯೂ ಮುಗಿದಿದೆ. ಈಗ ಸ್ಟಿಲ್ಟಿನಲ್ಲಿ 10 ಅಡಿ ಅಗಲ, 20 ಅಡಿ ಉದ್ದದ ಒಂದು ಕೋಣೆ ಕಟ್ಟಿದರೆ 200 ಚದರ ಅಡಿ ಎಫ್.ಎ.ಆರ್. ಲೆಕ್ಕದೊಳಗೆ ಬಂದು ಬೀಳುತ್ತದೆ. ಮಿತಿಗಿಂತ ಶೇಕಡಾ 9.5ರಷ್ಟು ಹೆಚ್ಚು. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ದಂಡ ಕಟ್ಟಿಸಿಕೊಂಡು ಮನ್ನಿಸಲು ಅವಕಾಶವಿತ್ತ ಅಲ್ಪ ವ್ಯತ್ಯಾಸದ ಮಿತಿ ಶೇಕಡಾ 5. ನಕ್ಷೆಯಲ್ಲಿ ಮನೆಗೊಂದರಂತೆ ಮೂರು ಕಾರುಗಳನ್ನು ತೋರಿಸಿದ್ದರೆ, ಕೋಣೆ ಬಂದ ಮೇಲೆ ಉಳಿಯುವುದು ಎರಡಕ್ಕೆ ಜಾಗ. ಅಂದರೆ ಒಂದೇ ಕೋಣೆಯಿಂದ ಎರಡು ನಿಯಮಗಳು ಮುರಿದಂತಾಯಿತು. ಎರಡನೆಯದಕ್ಕೆ ಶುಲ್ಕ ಕಟ್ಟಿ ಪಾರಾಗುವ ಮಾರ್ಗ ಸುಲಭವಲ್ಲ.

ಇದಕ್ಕೆ ಪ್ರತಿಯಾಗಿ 40×60ರ ಹಳೆಯ ಮನೆಯೊಂದನ್ನು ನೋಡಬಹುದು. ನಿವೇಶನ 2,400 ಚದರ ಅಡಿ, ಕಟ್ಟಬಹುದಾದುದು 4,200, ಕಟ್ಟಿರುವುದು 1,800. ಎಫ್.ಎ.ಆರ್. ಧಾರಾಳವಾಗಿದೆ. ಮುಂದಿನ ಅಂಗಳದಲ್ಲಿ ಕಾರು ನಿಲ್ಲಲು ಜಾಗವೂ ಇದ್ದರೆ, ಪರಿಷ್ಕೃತ ನಕ್ಷೆಯಲ್ಲಿ ನಿಲುಗಡೆಯನ್ನು ಅಲ್ಲಿಗೆ ವರ್ಗಾಯಿಸಿ ತೋರಿಸಿ ಶೆಡ್ಡಿನ ಜಾಗಕ್ಕೆ ಕೋಣೆಯ ಅನುಮತಿ ಕೇಳಬಹುದು. ಇಲ್ಲಿ ಉಳಿಯುವ ತೊಡಕು ಸೆಟ್‌ಬ್ಯಾಕಿನದು. ಶೆಡ್ಡಿನ ಗೋಡೆ ಕಾಂಪೌಂಡಿಗೇ ಅಂಟಿಕೊಂಡಿದ್ದರೆ ಅದನ್ನು ಹಾಗೆಯೇ ಕೋಣೆಯೆಂದು ಒಪ್ಪಿಸಲಾಗದು. ಒಳಸರಿಸಿ ಕಟ್ಟಬೇಕು, ಇಲ್ಲವೇ ಮುಖ್ಯ ಕಟ್ಟಡದ ಕಡೆಗೆ ವಿಸ್ತರಿಸಬೇಕು. ಎರಡು ಮನೆಗಳ ಮಾಲೀಕರೂ ಒಂದೇ ಪ್ರಶ್ನೆ ಕೇಳುತ್ತಾರೆ, ಉತ್ತರ ಮಾತ್ರ ಬೇರೆ. ಪಕ್ಕದ ಬೀದಿಯವರು ಮಾಡಿದರಲ್ಲ ಎಂಬ ಮಾತಿಗೆ ಬೆಲೆಯಿಲ್ಲದಿರುವುದು ಇದಕ್ಕಾಗಿಯೇ. ವಲಯ ನಿಯಮಾವಳಿ ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿಯ ದಿನದ ಅಂಕಿಯನ್ನೇ ಹಿಡಿಯಬೇಕು.

ಒಂದು ಅಡಿಯ ಪ್ರಶ್ನೆ

ಕಾನೂನಿನ ಮಾತು ಬದಿಗಿರಲಿ. ಗ್ಯಾರೇಜಿನ ಅಳತೆಯೇ ವಾಸಕ್ಕೆ ಒಗ್ಗುವುದಿಲ್ಲ ಎಂಬುದು ಹಲವರ ಗಮನಕ್ಕೆ ಬರುವುದು ಮೊದಲ ಮಳೆಗಾಲದಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಇಲ್ಲಿ ಅಳತೆಗೋಲಾಗಿ ಬಳಸಬಹುದು. ಅದು ಶಿಫಾರಸಿನ ರೂಪದ್ದು, ಸ್ಥಳೀಯ ಉಪವಿಧಿಗಳು ಅಳವಡಿಸಿಕೊಂಡಷ್ಟರ ಮಟ್ಟಿಗೆ ಮಾತ್ರ ಕಾನೂನಿನ ಬಲವುಳ್ಳದ್ದು. ಆದರೂ ಅದರ ಅಂಕಿಗಳ ಹಿಂದಿನ ವಿವೇಕವನ್ನು ಯಾರೂ ಅಲ್ಲಗಳೆಯಲಾರರು.

ವಾಸದ ಕಟ್ಟಡದ ನೆಲಗಟ್ಟು ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿಲಿಮೀಟರ್ ಎತ್ತರವಿರಬೇಕೆಂದು ಸಂಹಿತೆ ಹೇಳುತ್ತದೆ. ಗ್ಯಾರೇಜಿಗೆ 150 ಮಿಲಿಮೀಟರ್ ಸಾಕು, ಏಕೆಂದರೆ ಕಾರು ಹತ್ತಬೇಕು. ವಾಸದ ಕೋಣೆಯ ಒಳ ಎತ್ತರ ಕನಿಷ್ಠ 2.75 ಮೀಟರ್, ಗ್ಯಾರೇಜಿಗೆ 2.4 ಮೀಟರ್. ಈಗ ಗ್ಯಾರೇಜನ್ನು ಕೋಣೆ ಮಾಡಲು ನೆಲವನ್ನು 300 ಮಿಲಿಮೀಟರ್, ಅಂದರೆ ಒಂದು ಅಡಿ ಏರಿಸಿದರೆ 2.4 ಮೀಟರಿನಲ್ಲಿ ಉಳಿಯುವುದು 2.1 ಮೀಟರ್. ವಾಸಕ್ಕೆ ಬೇಕಾದುದಕ್ಕಿಂತ 65 ಸೆಂಟಿಮೀಟರ್ ಕಡಿಮೆ. ಹವಾನಿಯಂತ್ರಣವುಳ್ಳ ಕೋಣೆಗೆ ಸಂಹಿತೆ ಒಪ್ಪುವ 2.4 ಮೀಟರಿಗೂ ಅದು ಸಾಲದು. ಫ್ಯಾನ್ ತೂಗುಹಾಕಿದರೆ ಎತ್ತರದ ಆಳು ಕೈಯೆತ್ತಲು ಹೆದರಬೇಕು. ನೆಲ ಏರಿಸದೆ ಬಿಟ್ಟರೆ ರಸ್ತೆಯ ನೀರು ಹಾಸಿಗೆಗೆ ಬರುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ರಸ್ತೆಗೆ ಮರುಡಾಂಬರು ಹಾಕಿದಂತೆಲ್ಲ ರಸ್ತೆಯೇ ಏರುತ್ತ ಬಂದು, ಒಂದು ಕಾಲಕ್ಕೆ ರಸ್ತೆಗಿಂತ ಮೇಲಿದ್ದ ಗ್ಯಾರೇಜು ಈಗ ಕೆಳಗಿರುವುದು ಅಪರೂಪವಲ್ಲ. ಶೌಚಾಲಯ ಸೇರಿಸುವವರು ಇನ್ನೊಂದನ್ನು ಅಳೆಯಬೇಕು: ಒಳಚರಂಡಿಯ ಚೇಂಬರಿಗಿಂತ ಕೋಣೆಯ ನೆಲ ತಗ್ಗಾಗಿದ್ದರೆ ಜೋರು ಮಳೆಗೆ ಚರಂಡಿಯ ನೀರು ಹಿಮ್ಮುಖವಾಗಿ ಬರುತ್ತದೆ.

ವಿಸ್ತೀರ್ಣದಲ್ಲಿ ತೊಂದರೆಯಿಲ್ಲ. ಒಂಟಿ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್ ಬೇಕು; 10×20 ಅಡಿಯ ಗ್ಯಾರೇಜು 18.6 ಚದರ ಮೀಟರ್ ಇರುತ್ತದೆ. ಗಾಳಿ ಬೆಳಕಿನ ಪ್ರಶ್ನೆ ಹಾಗಲ್ಲ. ಮಧ್ಯಮ ಹವೆಯ ಪ್ರದೇಶದಲ್ಲಿ ಬಾಗಿಲನ್ನು ಬಿಟ್ಟು ನೆಲದ ಎಂಟನೇ ಒಂದು ಭಾಗದಷ್ಟು ಕಿಟಕಿ ಇರಬೇಕು, ಅದು ತೆರೆದ ಆವರಣಕ್ಕೆ ತೆರೆಯಬೇಕು. ಈ ಕೋಣೆಗೆ ಅದು ಸುಮಾರು 25 ಚದರ ಅಡಿ, ಐದಡಿ ಅಗಲ ಐದಡಿ ಎತ್ತರದ ಕಿಟಕಿ. ಮೂರು ಕಡೆ ಗೋಡೆ, ಮುಂದೆ ರೋಲಿಂಗ್ ಶಟರ್ ಇರುವ ಶೆಡ್ಡಿನಲ್ಲಿ ಇದಕ್ಕೆ ಜಾಗ ಹುಡುಕುವುದು ಸುಲಭವಲ್ಲ. ಶಟರ್ ಕಿತ್ತು ಅಲ್ಲಿಯೇ ಗೋಡೆ ಮತ್ತು ಕಿಟಕಿ ಇಟ್ಟರೆ ಮಾತ್ರ ಸಾಧ್ಯ.

ಸ್ಟಿಲ್ಟಿನಲ್ಲಿ ಕಾರ್ಮಿಕರನ್ನು ಮಲಗಿಸುವ ವಾಡಿಕೆಯ ಬಗ್ಗೆ ಎರಡು ಮಾತು ಅಗತ್ಯ. ಕೋಣೆಯ ಏಕೈಕ ಬಾಗಿಲು ನಿಂತ ವಾಹನಗಳ ಸಾಲಿಗೆ ತೆರೆಯುತ್ತಿದ್ದರೆ, ಆ ವಾಹನಗಳಲ್ಲಿ ಒಂದಕ್ಕೆ ರಾತ್ರಿ ಬೆಂಕಿ ತಗುಲಿದಾಗ ಒಳಗಿನವರಿಗೆ ಹೊರದಾರಿಯೇ ಇಲ್ಲ. ಪಕ್ಕದಲ್ಲಿ ಚಾಲೂ ಮಾಡಿ ನಿಲ್ಲಿಸಿದ ಕಾರಿನ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಿದ್ಯುತ್ ಸ್ಕೂಟರುಗಳನ್ನು ಅಲ್ಲೇ ಚಾರ್ಜಿಗೆ ಹಾಕುವ ಪದ್ಧತಿ ಬಂದ ಮೇಲೆ ಜಾಗ್ರತೆ ಇನ್ನೂ ಹೆಚ್ಚಬೇಕು. ಎರಡನೆಯ ಹೊರದಾರಿಯಿಲ್ಲದ ಕೋಣೆಯನ್ನು ಯಾರ ಮಲಗುವ ಕೋಣೆಯಾಗಿಯೂ ಮಾಡಬಾರದು. ಅಗತ್ಯವಿದ್ದರೆ ಅದು ಸಾಮಾನಿನ ಕೋಣೆಯಾಗಿಯೇ ಇರಲಿ.

ಕಂಬಗಳ ನಡುವೆ ಒಂದು ಮೂಲೆಗೆ ಮಾತ್ರ ಗಟ್ಟಿ ಗೋಡೆ ತುಂಬಿಸಿದರೆ ಕಟ್ಟಡದ ಬಿಗುಪು ಒಂದು ಕಡೆಗೆ ವಾಲುತ್ತದೆ, ಭೂಮಿ ಅಲುಗಿದಾಗ ಕಟ್ಟಡ ತಿರುಚಿಕೊಳ್ಳುವ ಸಂಭವ ಹೆಚ್ಚುತ್ತದೆ. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಕಟ್ಟಡಗಳಲ್ಲಿ ಕೆಳಗೆ ಸ್ಟಿಲ್ಟ್ ಇದ್ದವೇ ಹಲವು. ಗೋಡೆ ಎಬ್ಬಿಸುವ ಮುನ್ನ ಸ್ಟ್ರಕ್ಚರಲ್ ಇಂಜಿನಿಯರರ ಅಭಿಪ್ರಾಯ ಪಡೆಯುವುದು ಹೆಚ್ಚಿನ ಖರ್ಚಿನ ಮಾತಲ್ಲ.

ಕೋಣೆಯೇ ಅಂಗಡಿಯಾದರೆ

ವಾಸಕ್ಕೆಂದು ಆರಂಭವಾದ ಕೋಣೆ ಕಾಲಕ್ರಮದಲ್ಲಿ ಅಂಗಡಿಯೋ ಟೈಲರಿಂಗ್ ಘಟಕವೋ ಗೋದಾಮೋ ಆಗುವುದು ಸಹಜ. ಆಗ ಬಳಕೆಯೇ ವಸತಿಯಿಂದ ವಾಣಿಜ್ಯಕ್ಕೆ ಬದಲಾಗುತ್ತದೆ. ವಲಯ, ರಸ್ತೆಯ ಅಗಲ, ಉದ್ದಿಮೆಯ ಬಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದೆಹಲಿಯಲ್ಲಿ ವಸತಿ ಕಟ್ಟಡಗಳ ವಾಣಿಜ್ಯ ಬಳಕೆಯ ವಿರುದ್ಧ ಸುಪ್ರೀಂ ಕೋರ್ಟು 2006ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನ ಬಳಿಕ ಅಂಗಡಿಗಳಿಗೆ ಬೀಗಮುದ್ರೆ ಬಿದ್ದುದನ್ನು ಹಿರಿಯ ವರ್ತಕರು ಮರೆತಿರಲಾರರು.

ಅದಕ್ಕಿಂತ ನೇರವಾಗಿ ಸಂಬಂಧಿಸಿದ್ದು 2024ರ ಡಿಸೆಂಬರ್ 17ರ ತೀರ್ಪು. ಮೀರತ್ ನಗರದಲ್ಲಿ ವಸತಿಗೆ ಹಂಚಿಕೆಯಾದ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಸ್ವಾಧೀನಾನುಭವ ಪತ್ರ ಹಾಜರುಪಡಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ. ಆ ಪತ್ರವನ್ನು ಪರಿಶೀಲಿಸಿದ ಮೇಲೆಯೇ ಕಟ್ಟಡದ ಭದ್ರತೆಯ ಮೇಲೆ ಬ್ಯಾಂಕ್ ಸಾಲ. ಅನಧಿಕೃತ ಕಟ್ಟಡದಲ್ಲಿ, ಅದು ವಸತಿಯದಾಗಲಿ ವಾಣಿಜ್ಯದ್ದಾಗಲಿ, ವ್ಯಾಪಾರ ನಡೆಸಲು ಯಾವ ಪ್ರಾಧಿಕಾರವೂ ಪರವಾನಗಿ ಕೊಡಕೂಡದು. ಕಡೆಯ ನಿರ್ದೇಶನವನ್ನು ವರ್ತಕರು ಎರಡು ಬಾರಿ ಓದಬೇಕು. ಉದ್ದಿಮೆ ಪರವಾನಗಿಯ ಭವಿಷ್ಯ ಅದರೊಂದಿಗೆ ಕಟ್ಟಡದ ನಕ್ಷೆಗೆ ಗಂಟುಬಿದ್ದಿತು. ಬಾಡಿಗೆದಾರನಾಗಿ ಬಂದ ವರ್ತಕನಿಗೂ ಇದು ಅನ್ವಯಿಸುತ್ತದೆ. ಮುಂಗಡ ಕೊಡುವ ಮುನ್ನ ಮಾಲೀಕರಿಂದ ಮಂಜೂರಾತಿ ನಕ್ಷೆಯ ಪ್ರತಿ ಕೇಳುವುದು ಅಮರ್ಯಾದೆಯಲ್ಲ.

ವಿದ್ಯುತ್ ಬಳಕೆಯಲ್ಲೂ ಎಡವುವವರಿದ್ದಾರೆ. ಗೃಹ ಬಳಕೆಯ ಮೀಟರಿನಿಂದ ಅಂಗಡಿಗೋ ಯಂತ್ರಕ್ಕೋ ವಿದ್ಯುತ್ ಎಳೆದರೆ, ವಿದ್ಯುಚ್ಛಕ್ತಿ ಕಾಯ್ದೆ 2003ರ 126ನೇ ಕಲಮಿನಂತೆ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟು ವಸೂಲಾಗುತ್ತದೆ. ಎಂದಿನಿಂದ ನಡೆದಿದೆಯೆಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ. ಅಗ್ನಿ ವಿಮೆಯಲ್ಲಿಯೂ ಅಷ್ಟೇ. ಕಟ್ಟಡದ ಬಳಕೆ ಬದಲಾಗಿ ಅಪಾಯ ಹೆಚ್ಚಿದ್ದನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ನಮೂದಿಸದಿದ್ದರೆ ಪರಿಹಾರದ ಹೊತ್ತಿಗೆ ತಗಾದೆ ಖಂಡಿತ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಬೇರೊಂದು ತಡೆಯಿದೆ. 2010ರ ಆಗಸ್ಟ್ 31ರಂದು ಮುಂಬಯಿಯ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ, ಸ್ಟಿಲ್ಟಿನ ನಿಲುಗಡೆ ಜಾಗ ಮಹಾರಾಷ್ಟ್ರದ ಕಾಯ್ದೆಯ ಅರ್ಥದಲ್ಲಿ 'ಗ್ಯಾರೇಜ್' ಅಲ್ಲ, ಅದನ್ನು ನಿರ್ಮಾಣಗಾರರು ಬಿಡಿಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2016ರ ರೇರಾ ಕಾಯ್ದೆ ಗ್ಯಾರೇಜಿಗೆ ಛಾವಣಿ ಮತ್ತು ಮೂರು ಕಡೆ ಗೋಡೆ ಇರಬೇಕೆಂದು ವ್ಯಾಖ್ಯಾನಿಸಿದೆ. ಹಾಗಿರುವಾಗ ತನ್ನ ಕಾರಿಗೆಂದು ಗುರುತಿಸಿಕೊಟ್ಟ ಸ್ಟಿಲ್ಟಿನ ತುಂಡಿಗೆ ಗೋಡೆ ಎಬ್ಬಿಸುವವನು ತನ್ನದಲ್ಲದ ಸಾಮಾನ್ಯ ಜಾಗದಲ್ಲಿ ಕಟ್ಟುತ್ತಿರುವ ಸಾಧ್ಯತೆಯೇ ಹೆಚ್ಚು.

ಸಕ್ರಮದ ನಿರೀಕ್ಷೆ

ಕಟ್ಟಿಬಿಟ್ಟು ನಂತರ ಸಕ್ರಮ ಮಾಡಿಸಿಕೊಳ್ಳಬಹುದೆಂಬ ಭರವಸೆ ಬಹುಕಾಲದಿಂದ ಇದೆ. ಯೋಜನಾ ಕಾಯ್ದೆಗೆ ಸೇರಿಸಿದ 76-ಎಫ್‌ಎಫ್ ಕಲಮಿನಡಿ ವಸತಿ ಕಟ್ಟಡಗಳಲ್ಲಿ ಶೇಕಡಾ 50, ವಸತಿಯೇತರಗಳಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಯೋಜನೆಯನ್ನು ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಅಲ್ಲದೆ ಆ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮುಂಚಿನ ಕಟ್ಟಡಗಳಿಗೆ ಮಾತ್ರ. ಇಂದು ಎಬ್ಬಿಸುವ ಗೋಡೆಗೆ ಅದರಲ್ಲಿ ಜಾಗವೇ ಇಲ್ಲ. ಆಸ್ತಿ ತೆರಿಗೆ ಕಟ್ಟಿದ ರಸೀದಿಯನ್ನು ಅನುಮತಿಯೆಂದು ಭಾವಿಸುವುದೂ ತಪ್ಪು. ಅನಧಿಕೃತ ಭಾಗಕ್ಕೆ ತೆರಿಗೆ ವಸೂಲು ಮಾಡಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಅಧಿಕಾರಿಯ ಸಹಿ ಇದ್ದರೆ ಸಾಕೆಂಬ ನಂಬಿಕೆಗೂ ಕರ್ನಾಟಕದ್ದೇ ಒಂದು ಪ್ರಕರಣ ಉತ್ತರ ಹೇಳುತ್ತದೆ. ಉಡುಪಿಯಲ್ಲಿ ವಸತಿ ಪ್ರದೇಶದ ಕಲ್ಯಾಣಮಂಟಪವನ್ನು ಚಿತ್ರಮಂದಿರವಾಗಿಸಲು ಪುರಸಭೆ ನೀಡಿದ ಮಂಜೂರಾತಿಯನ್ನು, ಅದು ನಗರ ಯೋಜನೆಗೆ ವಿರುದ್ಧವೆಂಬ ಕಾರಣಕ್ಕೆ, ಕೆ. ರಾಮದಾಸ್ ಶೆಣೈ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಪ್ರಶ್ನಿಸಿದವರು ಆ ಪ್ರದೇಶದ ಒಬ್ಬ ನಿವಾಸಿ. ನೆರೆಯವನಿಗೆ ಹಕ್ಕಿದೆ ಎಂಬುದು ಅಂದೇ ಇತ್ಯರ್ಥವಾದ ವಿಚಾರ.

ಹೊರದೇಶಗಳ ರೂಢಿ ಏಕರೂಪದ್ದಲ್ಲ. ಇಂಗ್ಲೆಂಡಿನಲ್ಲಿ ಮನೆಗೆ ಸೇರಿದ ಗ್ಯಾರೇಜನ್ನು ಹೊರರೂಪ ಬದಲಿಸದೆ ಕೋಣೆ ಮಾಡಿಕೊಳ್ಳಲು ಸಾಮಾನ್ಯವಾಗಿ ಯೋಜನಾ ಅನುಮತಿ ಬೇಕಿಲ್ಲ. ಆದರೆ ಮೂಲ ಅನುಮತಿಯಲ್ಲಿ ಗ್ಯಾರೇಜು ವಾಹನಕ್ಕೇ ಉಳಿಯಬೇಕೆಂಬ ಷರತ್ತಿದ್ದರೆ ಬೇಕು, ಮತ್ತು ಕಟ್ಟಡ ನಿಯಮಗಳ ಒಪ್ಪಿಗೆ ಪ್ರತ್ಯೇಕ. ವಸತಿ ಕೊರತೆಯಿಂದ ತತ್ತರಿಸಿದ ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ, ಗ್ಯಾರೇಜನ್ನು ಉಪಮನೆಯಾಗಿಸಿದರೆ ಬದಲಿ ನಿಲುಗಡೆ ಜಾಗ ತೋರಿಸಬೇಕೆಂದು ನಗರಗಳು ಒತ್ತಾಯಿಸಬಾರದೆಂದು ಕಾನೂನು ಮಾಡಿತು. ಮನೆಯೊಳಗಿನ ಕಾರು ಬೀದಿಗೆ ಬಂದು ಆಂಬುಲೆನ್ಸಿಗೂ ದಾರಿಯಿಲ್ಲದಂತಾಗಿರುವ ನಮ್ಮ ಅಡ್ಡರಸ್ತೆಗಳಲ್ಲಿ ಆ ಮಾದರಿಯನ್ನು ಕೇಳುವುದು ಅಷ್ಟು ಸರಳವಲ್ಲ.

ಅರ್ಜಿಯ ದಾರಿ

ಯಾರ ಮುಂದೆ ಅರ್ಜಿ ಹಾಕಬೇಕೆಂಬುದು ಊರಿನ ಮೇಲೆ ಅವಲಂಬಿಸಿದೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂತಹ ಮಹಾನಗರಪಾಲಿಕೆಗಳಲ್ಲಿ 1976ರ ಪೌರ ನಿಗಮಗಳ ಕಾಯ್ದೆ, ಪುರಸಭೆ ನಗರಸಭೆಗಳಲ್ಲಿ 1964ರ ಪುರಸಭೆಗಳ ಕಾಯ್ದೆ, ಗ್ರಾಮ ಪಂಚಾಯತಿಗಳಲ್ಲಿ 1993ರ ಕಾಯ್ದೆ. ಬೆಂಗಳೂರಿನಲ್ಲಿ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳು ರಚನೆಯಾದವು. ಹಳೆಯ ಕಡತ ಯಾವ ಪಾಲಿಕೆಗೆ ವರ್ಗವಾಗಿದೆಯೆಂದು ಮೊದಲು ವಿಚಾರಿಸಬೇಕು.

ನೋಂದಾಯಿತ ವಾಸ್ತುಶಿಲ್ಪಿ ಅಥವಾ ಇಂಜಿನಿಯರರಿಂದ ಇರುವ ಕಟ್ಟಡದ ಯಥಾಸ್ಥಿತಿ ನಕ್ಷೆ ಬರೆಸಿ, ಮಂಜೂರಾದ ನಕ್ಷೆಯ ಪಕ್ಕದಲ್ಲಿಟ್ಟು ನೋಡುವುದು ಮೊದಲ ಕೆಲಸ. ಹಳೆಯ ನಕ್ಷೆ ಕಳೆದುಹೋಗಿದ್ದರೆ ದೃಢೀಕೃತ ಪ್ರತಿಗೆ ಅರ್ಜಿ ಹಾಕಬೇಕು. ಬಳಿಕವೇ ಪರಿಷ್ಕೃತ ನಕ್ಷೆ, ಅದರಲ್ಲಿ ಬದಲಿ ನಿಲುಗಡೆ ಜಾಗ, ಸ್ಟ್ರಕ್ಚರಲ್ ಪ್ರಮಾಣಪತ್ರ, ಖಾತಾ ಮತ್ತು ತೆರಿಗೆ ದಾಖಲೆಗಳೊಂದಿಗೆ ಅರ್ಜಿ. ಕೆಲಸ ಮುಗಿದ ಮೇಲೆ ಸ್ವಾಧೀನಾನುಭವ ಪತ್ರದಲ್ಲಿ ಕೋಣೆ ನಮೂದಾಗುವವರೆಗೆ ಬೆನ್ನುಬಿಡಬಾರದು. ನಕ್ಷೆ ಮಂಜೂರಾದರೆ ಮುಗಿಯಿತೆಂದು ಅಲ್ಲಿಗೇ ನಿಲ್ಲುವವರು ಬಹಳ.

ಈಗಾಗಲೇ ಕಟ್ಟಿಬಿಟ್ಟವರ ಸ್ಥಿತಿ ಬೇರೆ. ಪೌರ ನಿಗಮಗಳ ಕಾಯ್ದೆಯ 321ನೇ ಕಲಮಿನ ಕ್ರಮದಲ್ಲಿ ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳುವ ನೋಟಿಸು, ಉತ್ತರ ಸಮರ್ಪಕವಾಗಿಲ್ಲದಿದ್ದರೆ ಸ್ಥಿರೀಕರಣ ಆದೇಶ. ನೋಟಿಸನ್ನು ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುವುದರಿಂದ ಉತ್ತರಿಸುವ ಅವಕಾಶ ಕಳೆದುಹೋಗುತ್ತದೆಯೇ ಹೊರತು ಆದೇಶ ನಿಲ್ಲುವುದಿಲ್ಲ. ಎಫ್.ಎ.ಆರ್. ಉಳಿದಿರುವ 40×60ರ ಮಾಲೀಕರು ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ ಅದನ್ನೇ ಉತ್ತರದಲ್ಲಿ ತಿಳಿಸಬಹುದು. ಅದು ಮುಗಿದಿರುವ 30×40ರ ಸ್ಟಿಲ್ಟಿನ ಮಾಲೀಕರಿಗೆ ಅಗ್ಗದ ಮಾರ್ಗವೆಂದರೆ ಬ್ಲಾಕ್ ಗೋಡೆಯನ್ನು ತಾವೇ ತೆಗೆಸಿ, ಕಾರು ನಿಂತ ಜಾಗದ ಛಾಯಾಚಿತ್ರದೊಂದಿಗೆ ಲಿಖಿತವಾಗಿ ತಿಳಿಸಿ, ಪರಿಶೀಲನಾ ವರದಿಯ ಪ್ರತಿಯನ್ನು ಕ್ರಯಪತ್ರದ ಜೊತೆ ಇಟ್ಟುಕೊಳ್ಳುವುದು.